ಎಪ್ಪತ್ತೈದು ಪರ್ಸೆಂಟು ಮತ್ತು ಪ್ರಾಕ್ಸಿ ಹಾಜರಿ

ನಮ್ಮ ಕಡೆ ಕಾಲೇಜು ಓದಿದ ಯಾರನ್ನಾದರೂ ನಿಲ್ಲಿಸಿ 'ಎಪ್ಪತ್ತೈದು ಪರ್ಸೆಂಟು' ಅಂತ ಹೇಳಿ ನೋಡಿ. ಅವರಿಗೆ ನೆನಪಾಗುವುದು ಮಾರ್ಕ್ಸ್ ಅಲ್ಲ, ಅಟೆಂಡೆನ್ಸ್! ಹಾಜರಿ 75ಕ್ಕಿಂತ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಅನ್ನುವ ಹೆದರಿಕೆ. ನಿಯಮ ಮಾಡಿದವರ ಆಸೆ ಹುಡುಗರು ಪಾಠ ಕೇಳಲಿ ಅಂತ. ಹುಡುಗರಿಗೆ ಅರ್ಥವಾಗಿದ್ದು ರಿಜಿಸ್ಟರಿನಲ್ಲಿ ಹಾಜರಿ ಬಿದ್ದರೆ ಸಾಕು ಅಂತ. ಹೀಗೆ ಹುಟ್ಟಿದ್ದೇ ಪ್ರಾಕ್ಸಿ. ಒಬ್ಬನ ನಂಬರಿಗೆ ಇನ್ನೊಬ್ಬ 'ಯೆಸ್ ಸಾರ್' ಅನ್ನುವ ಪುಣ್ಯ ಕಾರ್ಯ :)

ಸಾಫ್ಟ್‌ವೇರ್ ಜಗತ್ತಿನಲ್ಲೂ ಇಂಥದೇ ಒಂದು 75 ಇದೆ, ಅಲ್ಲೂ ಪ್ರಾಕ್ಸಿ ಜೋರಾಗಿ ನಡೆಯುತ್ತದೆ. ಈ ಬರಹ ಅದರ ಬಗ್ಗೆ. ಕೋಡು ಬರೆಯುವವರಲ್ಲದ ಗೆಳೆಯರೂ ದಯವಿಟ್ಟು ಓದಿ, ಆದಷ್ಟು ಬಿಡಿಸಿ ಹೇಳುತ್ತೇನೆ. ಯಾಕೆಂದರೆ ಈ ಪ್ರಾಕ್ಸಿಯ ಫಲ ಕೊನೆಗೆ ಉಣ್ಣುವವರು ನಾವು ಕೋಡು ಬರೆಯುವವರಲ್ಲ, ಆ ಸಾಫ್ಟ್‌ವೇರ್ ಮುಂದೆ ಕೂತು ಬಿಲ್ಲು ಮಾಡುವವರು, ಅರ್ಜಿ ತುಂಬುವವರು.

ಸೇಲ್ಸ್‌ಫೋರ್ಸ್ ಅಂತ ಒಂದು ಕಂಪನಿ ಇದೆ, 1999ರಲ್ಲಿ ಶುರುವಾದದ್ದು. ಗ್ರಾಹಕರ ಲೆಕ್ಕ, ವಿಚಾರಣೆ, ದೂರು ಎಲ್ಲವನ್ನೂ ಇಂಟರ್ನೆಟ್ಟಿನ ಮೇಲೆಯೇ ನೋಡಿಕೊಳ್ಳುವ ವ್ಯವಸ್ಥೆ ಅವರದು. ಬೆಂಗಳೂರಿನಲ್ಲಿ ಇದನ್ನೇ ನಂಬಿಕೊಂಡು ಬದುಕುವ ಸಾಫ್ಟ್‌ವೇರ್ ಮಂದಿ ಬಹಳ ಇದ್ದಾರೆ. ಅದರೊಳಗೆ ನಮ್ಮದೇ ಕೋಡು ಬರೆಯಲು ಅವರು 2006ರಲ್ಲಿ ಏಪೆಕ್ಸ್ ಅನ್ನುವ ಭಾಷೆಯನ್ನು ಘೋಷಿಸಿದರು. ಜೊತೆಗೆ ಒಂದು ಕಟ್ಟುನಿಟ್ಟು. ಪ್ರೊಡಕ್ಷನ್‌ನಲ್ಲಿ, ಅಂದರೆ ಗ್ರಾಹಕರು ನಿಜವಾಗಿ ಬಳಸುವ ಕಡೆ, ನೇರವಾಗಿ ಕೋಡು ಬರೆಯುವಂತಿಲ್ಲ. ಸ್ಯಾಂಡ್‌ಬಾಕ್ಸ್ ಎನ್ನುವ ನಕಲು ಜಾಗದಲ್ಲಿ ಬರೆದು ಅಲ್ಲಿಂದ ಸಾಗಿಸಬೇಕು. ಸಾಗಿಸುವಾಗ ಗೇಟಿನಲ್ಲಿ ಮೂರು ತಪಾಸಣೆ. ಒಂದು, ಓಡಿಸಿದ ಟೆಸ್ಟುಗಳೆಲ್ಲ ಪಾಸಾಗಬೇಕು. ಎರಡು, ನಿಮ್ಮ ಏಪೆಕ್ಸ್ ಕೋಡಿನ ಸಾಲುಗಳಲ್ಲಿ ಕನಿಷ್ಠ 75 ಪರ್ಸೆಂಟ್ ಆ ಟೆಸ್ಟುಗಳು ಓಡುವಾಗ ಓಡಿರಬೇಕು. ಮೂರು, ಪ್ರತಿಯೊಂದು ಟ್ರಿಗರ್‌ಗೂ ಸ್ವಲ್ಪವಾದರೂ ಕವರೇಜ್ ಇರಬೇಕು.

ಇದರಲ್ಲಿ ಒಂದು ಶಬ್ದವನ್ನು ಗಮನಿಸಿ. 'ಓಡಿರಬೇಕು'. ಸರಿಯಾಗಿ ಓಡಿರಬೇಕು ಅಂತ ಎಲ್ಲೂ ಇಲ್ಲ! ಇಡೀ ಜಗಳ ಇರುವುದು ಆ ಬಿಟ್ಟುಹೋದ ಶಬ್ದದಲ್ಲಿ.

ಟೆಸ್ಟ್ ಅಂದರೆ ಎರಡು ಭಾಗದ ಕೆಲಸ. ಮೊದಲನೆಯದು ಕೋಡನ್ನು ಕರೆದು ಓಡಿಸುವುದು. ಎರಡನೆಯದು, ಬಂದ ಉತ್ತರ ನಾವು ನಿರೀಕ್ಷಿಸಿದ್ದೇ ಹೌದಾ ಅಂತ ಕೇಳುವುದು. ಈ ಎರಡನೆಯದಕ್ಕೆ ಅಸರ್ಟ್ ಅಂತಾರೆ. ಸಾವಿರ ರೂಪಾಯಿಗೆ ಹತ್ತು ಪರ್ಸೆಂಟ್ ರಿಯಾಯಿತಿ ಕೊಟ್ಟರೆ ಒಂಬೈನೂರು ಬರಬೇಕು, ಬಂತಾ? ಕವರೇಜ್ ಲೆಕ್ಕ ಹಾಕುವ ಯಂತ್ರಕ್ಕೆ ಮೊದಲ ಭಾಗ ಮಾತ್ರ ಕಾಣುತ್ತದೆ. ಒಂಬೈನೂರರ ಬದಲು ಸಾವಿರದ ನೂರು ಬಂದರೂ ಸಾಲು ಓಡಿತಲ್ಲ, ಹಾಜರಿ ಬಿತ್ತು!

ಹಾಗಾಗಿ ಅಸರ್ಟ್ ಒಂದೂ ಇಲ್ಲದ ಟೆಸ್ಟ್ ಬರೆದರೂ ಗೇಟು ತೆರೆಯುತ್ತದೆ. ಇದಕ್ಕಿಂತ ಮುಂದೆ ಹೋದ ಮಹಾನುಭಾವರೂ ಇದ್ದಾರೆ. ಒಂದು ಡಮ್ಮಿ ಕ್ಲಾಸು ಮಾಡಿ, ಅದರೊಳಗೆ 'ಐ ಪ್ಲಸ್ ಪ್ಲಸ್' ಅಂತ ನೂರಾರು ಸಲ ಬರೆಯುವುದು. ಐಗೆ ಒಂದು ಕೂಡಿಸು, ಮತ್ತೆ ಒಂದು ಕೂಡಿಸು, ಮತ್ತೆ ಒಂದು... ಮಗ್ಗಿ ಬಾಯಿಪಾಠ ಮಾಡಿದ ಹಾಗೆ. ಆ ಕ್ಲಾಸನ್ನು ಒಂದೇ ಸಾಲಿನ ಟೆಸ್ಟಿನಿಂದ ಕರೆದರೆ ಅಷ್ಟೂ ಸಾಲುಗಳು 'ಕವರ್' ಆದಂತೆ. ಒಟ್ಟು ಸರಾಸರಿ ಮೇಲೇರುತ್ತದೆ. ಏಪೆಕ್ಸ್ ಬಲ್ಲವರಿಗೆ ಇದು ಹೊಸ ಸುದ್ದಿಯಲ್ಲ. ಬೇರೆಯವರು ಬಿಟ್ಟುಹೋದ ಪ್ರಾಜೆಕ್ಟನ್ನು ಕೈಗೆ ತೆಗೆದುಕೊಂಡಾಗ ಇಂಥ ಕ್ಲಾಸು ಸಿಗುವುದು ಹಳೇ ಮನೆಯಲ್ಲಿ ಗೆದ್ದಲು ಸಿಕ್ಕ ಹಾಗೆ. ಒಂದು ಕಡೆ ಕಂಡರೆ ಇನ್ನೂ ಎಲ್ಲೆಲ್ಲಿದೆಯೋ ಅನ್ನುವ ದಿಗಿಲು.

ಈ ಕಳ್ಳಾಟದ ಲೆಕ್ಕವನ್ನೇ ಸ್ವಲ್ಪ ಮಾಡೋಣ. ಒಂದು ಸಂಸ್ಥೆಯಲ್ಲಿ 1000 ಸಾಲು ಕೋಡಿದೆ, 760 ಸಾಲು ಟೆಸ್ಟಿನಲ್ಲಿ ಓಡುತ್ತವೆ ಅಂದುಕೊಳ್ಳಿ. 76 ಪರ್ಸೆಂಟ್, ಸರಿ. ಈಗ ಒಬ್ಬ 100 ಸಾಲಿನ ಹೊಸ ಕ್ಲಾಸನ್ನು ಟೆಸ್ಟೇ ಇಲ್ಲದೆ ತರುತ್ತಾನೆ. 1100ಕ್ಕೆ 760, ಅಂದರೆ ಸುಮಾರು 69. ಗೇಟು ಮುಚ್ಚಿತು. ಪ್ರಾಮಾಣಿಕವಾಗಿ ದಾಟಬೇಕಾದರೆ ಆ ಹೊಸ ನೂರು ಸಾಲಿನಲ್ಲಿ 65 ಸಾಲಿಗೆ ಟೆಸ್ಟ್ ಬರೆದರೆ ಸಾಕು, 1100ಕ್ಕೆ 825, ಸರಿಯಾಗಿ 75. ಮೋಸದಿಂದ ದಾಟಬೇಕಾದರೆ? 260 ಸಲ 'ಐ ಪ್ಲಸ್ ಪ್ಲಸ್' ಬರೆಯಬೇಕು! 1360ಕ್ಕೆ 1020. ಕಾಪಿ ಪೇಸ್ಟ್ ಮಾಡಲು ಎರಡು ನಿಮಿಷ ಸಾಕು ಅನ್ನುವುದು ನಿಜ. ಆದರೆ ಆ 260 ಸಾಲು ಆ ವ್ಯವಸ್ಥೆಯಲ್ಲಿ ವರ್ಷಾನುಗಟ್ಟಲೆ ಕೂತಿರುತ್ತದೆ.

ಇನ್ನೊಂದು ತಮಾಷೆ ನೋಡಿ. ಅದೇ ಸಂಸ್ಥೆಯಲ್ಲಿ ಮೊದಲೇ 850 ಸಾಲು ಕವರ್ ಆಗಿದ್ದರೆ? ಟೆಸ್ಟೇ ಇಲ್ಲದ ಆ ನೂರು ಸಾಲು ಸೇರಿದ ಮೇಲೂ 77 ಪರ್ಸೆಂಟ್. ಯಾವ ಮೋಸವೂ ಬೇಕಿಲ್ಲ, ಗೇಟು ತಾನಾಗಿಯೇ ತೆರೆಯುತ್ತದೆ. ಹಿಂದಿನವರು ಬೆವರು ಸುರಿಸಿ ಕೂಡಿಟ್ಟ ಕವರೇಜನ್ನು ಇಂದಿನವರು ಕೂತು ತಿನ್ನುವುದು. ಡಿಪ್ಲಾಯ್ ಮಾಡುವಾಗ ಇಂತಿಂಥ ಟೆಸ್ಟುಗಳನ್ನೇ ಓಡಿಸು ಅಂತ ಆರಿಸಿಕೊಂಡರೆ ಸಾಗಿಸುವ ಪ್ರತಿ ಕ್ಲಾಸಿಗೂ ಟ್ರಿಗರ್‌ಗೂ ಬೇರೆಬೇರೆಯಾಗಿ 75 ಇರಬೇಕು. ಅದು ಇದಕ್ಕಿಂತ ಎಷ್ಟೋ ಮೇಲು. ಒಟ್ಟು ಸರಾಸರಿ ಎನ್ನುವುದು ಕೂಡು ಕುಟುಂಬದ ಅಡುಗೆಮನೆ ಇದ್ದ ಹಾಗೆ, ದುಡಿಯುವವರ ಹೆಸರಿನಲ್ಲಿ ದುಡಿಯದವರ ಊಟವೂ ಆಗಿಹೋಗುತ್ತದೆ.

ಸರಿ, ಮೋಸಗಾರರ ಕತೆ ಬಿಡಿ. ಮೋಸವನ್ನೇ ಮಾಡದೆ, ನೂರಕ್ಕೆ ನೂರು ಕವರೇಜ್ ತೆಗೆದರೆ ಕೋಡು ಗಟ್ಟಿ ಅಂತಲಾ? ಅದೂ ಇಲ್ಲ.

ಏಪೆಕ್ಸ್‌ನಲ್ಲೇ ಉದಾಹರಣೆ ಕೊಡುತ್ತೇನೆ. ಅಲ್ಲಿ ಒಂದೇ ಯಂತ್ರವನ್ನು ಬಹಳ ಸಂಸ್ಥೆಗಳು ಹಂಚಿಕೊಳ್ಳುತ್ತವೆ, ಹಾಗಾಗಿ ಎಲ್ಲದಕ್ಕೂ ರೇಷನ್. ಮಾಮೂಲಿ ಒಂದು ವ್ಯವಹಾರದಲ್ಲಿ ಡೇಟಾಬೇಸಿಗೆ 100 ಪ್ರಶ್ನೆ ಕೇಳಬಹುದು, 101ನೆಯದಕ್ಕೆ ಬಾಗಿಲು ಬಂದ್. ಇನ್ನೊಂದು ಕಡೆ, ದಾಖಲೆಗಳನ್ನು ರಾಶಿಯಾಗಿ ತುಂಬಿದಾಗ ಟ್ರಿಗರ್ ಒಂದು ಸಲಕ್ಕೆ 200 ದಾಖಲೆಗಳನ್ನು ಕೈಗೆತ್ತಿಕೊಳ್ಳುತ್ತದೆ. ಈಗ ಒಬ್ಬ ಹುಡುಗ ಲೂಪಿನ ಒಳಗೆ ಪ್ರಶ್ನೆ ಇಟ್ಟು ಟ್ರಿಗರ್ ಬರೆದ ಅನ್ನಿ. ಟೆಸ್ಟಿನಲ್ಲಿ ಒಂದೇ ದಾಖಲೆ ಸೇರಿಸಿದ. ಎಲ್ಲ ಸಾಲೂ ಓಡಿತು, ನೂರು ಪರ್ಸೆಂಟ್. ಸೋಮವಾರ ಬೆಳಿಗ್ಗೆ ಗ್ರಾಹಕರ ಕಚೇರಿಯಲ್ಲಿ ಯಾರೋ ಒಂದು ಎಕ್ಸೆಲ್ ಫೈಲಿನಿಂದ ಇನ್ನೂರು ದಾಖಲೆ ತುಂಬಿದರು. 'ಟೂ ಮೆನಿ ಎಸ್‌ಓಕ್ಯುಎಲ್ ಕ್ವೆರೀಸ್: 101'. ಈ ಕೆಂಪಕ್ಷರವನ್ನು ಒಮ್ಮೆಯೂ ನೋಡದ ಏಪೆಕ್ಸ್ ಪ್ರೋಗ್ರಾಮರ್ ಇದ್ದರೆ ಅವರಿಗೆ ನನ್ನ ಸಾಷ್ಟಾಂಗ ನಮಸ್ಕಾರ. ಇಲ್ಲಿ ಓಡದ ಸಾಲು ಒಂದೂ ಇರಲಿಲ್ಲ. ಇರಲಿಲ್ಲದ್ದು ಇನ್ನೂರು ದಾಖಲೆಗಳ ಟೆಸ್ಟ್.

ನಮ್ಮ ಕನ್ನಡಕ್ಕೇ ತಾಗುವ ಒಂದು ಉದಾಹರಣೆ ಹೇಳಲೇ? ಗ್ರಾಹಕರಿಗೆ ಎಸ್‌ಎಂಎಸ್ ಕಳಿಸುವ ಕೋಡು. ಅಕ್ಷರ 160 ದಾಟಿದರೆ ಕತ್ತರಿಸು, ಇಲ್ಲದಿದ್ದರೆ ಹಾಗೇ ಕಳಿಸು. ಇಂಗ್ಲಿಷಿನಲ್ಲಿ ಒಂದು ಉದ್ದದ ಸಂದೇಶ, ಒಂದು ಗಿಡ್ಡ ಸಂದೇಶ ಕೊಟ್ಟು ಟೆಸ್ಟ್ ಮಾಡಿದರೆ ಎರಡೂ ದಾರಿ ಕವರ್. ಅಸರ್ಟ್ ಕೂಡಾ ಇದೆ ಅನ್ನೋಣ. ಆದರೆ ಕನ್ನಡದಲ್ಲಿ, ಅಂದರೆ ಯೂನಿಕೋಡಿನಲ್ಲಿ ಕಳಿಸಿದಾಗ ಒಂದು ಎಸ್‌ಎಂಎಸ್ಸಿಗೆ ಹಿಡಿಸುವುದು 70 ಮಾತ್ರ! ಅದರ ಮೇಲೆ ಹೋದರೆ ಎರಡು ಮೂರು ತುಂಡಾಗಿ ಹೋಗುತ್ತದೆ, ದುಡ್ಡೂ ಎರಡರಷ್ಟು ಮೂರರಷ್ಟು. ಕತ್ತರಿಸುವ ಕಡೆ ಇನ್ನೊಂದು ಅಧ್ವಾನ. 'ಲಕ್ಷ್ಮಿ' ನಮ್ಮ ಕಣ್ಣಿಗೆ ಎರಡಕ್ಷರ. ಯೂನಿಕೋಡಿಗೆ ಅದು ಏಳು: ಲ, ಕ, ವಿರಾಮ, ಷ, ವಿರಾಮ, ಮ, ಗುಡಿಸು. ಐದಕ್ಕೆ ಕತ್ತರಿಸಿದರೆ ಉಳಿಯುವುದು 'ಲಕ್ಷ್'. ಲಕ್ಷ್ಮಿ ಹೋಗಿ ಅರ್ಧ ಲಕ್ಷ ಉಳಿಯಿತು. ಕವರೇಜ್ ರಿಪೋರ್ಟ್ ಮಾತ್ರ ಹಚ್ಚ ಹಸಿರು.

ಹೆಸರಿನದೂ ಹೀಗೆಯೇ. ಸೇಲ್ಸ್‌ಫೋರ್ಸಿನಲ್ಲಿ ಒಬ್ಬ ವ್ಯಕ್ತಿಯ ದಾಖಲೆ ಉಳಿಸಬೇಕಾದರೆ ಲಾಸ್ಟ್ ನೇಮ್ ಕಡ್ಡಾಯ. ನಮ್ಮ ಕಡೆ ಎಷ್ಟು ಜನಕ್ಕೆ ಲಾಸ್ಟ್ ನೇಮ್ ಇದೆ? ಅಪ್ಪನ ಹೆಸರಿನದೋ ಊರಿನದೋ ಒಂದಕ್ಷರ ಇನಿಶಿಯಲ್ ಇರುತ್ತದೆ, ಅಷ್ಟೆ. ಟೆಸ್ಟ್ ಬರೆಯುವವರು ಫಸ್ಟ್ ನೇಮ್ 'ಟೆಸ್ಟ್', ಲಾಸ್ಟ್ ನೇಮ್ 'ಟೆಸ್ಟ್' ಅಂತ ಬರೆದು ಮುಂದೆ ಹೋಗುತ್ತಾರೆ. 'ಟೆಸ್ಟ್ ಟೆಸ್ಟ್' ಅನ್ನುವ ಆ ಮನುಷ್ಯ ಯಾವತ್ತೂ ಯಾವ ಅರ್ಜಿಯಲ್ಲೂ ಸಿಕ್ಕಿಹಾಕಿಕೊಳ್ಳುವುದಿಲ್ಲ. ಸಿಕ್ಕಿಹಾಕಿಕೊಳ್ಳುವವರು ಕೌಂಟರಿನ ಮುಂದೆ ನಿಂತ ಬಿ. ಮಂಜಮ್ಮನಂಥವರು.

ಓಡಿದ ಸಾಲು ಸರಿಯಾದ ಸಾಲಲ್ಲ ಅನ್ನುವುದಕ್ಕೆ ಬಹಳ ದುಬಾರಿ ಸಾಕ್ಷಿ ಬೇಕಾದರೆ ಏರಿಯಾನ್ 5 ರಾಕೆಟ್ಟು ಇದೆ. 1996ರ ಜೂನ್ 4ರಂದು ಮೊದಲ ಸಲ ಹಾರಿ ಒಂದು ನಿಮಿಷದ ಒಳಗೇ ಚೂರುಚೂರಾಯಿತು. 64 ಬಿಟ್ಟಿನ ದಶಾಂಶ ಸಂಖ್ಯೆಯನ್ನು 16 ಬಿಟ್ಟಿನ ಪೂರ್ಣಾಂಕಕ್ಕೆ ತುರುಕಲು ಹೋದಾಗ ಅದು ಹಿಡಿಸಲಿಲ್ಲ. ಆ ಕೋಡು ಹೊಸದೇನಲ್ಲ, ಹಿಂದಿನ ಏರಿಯಾನ್ 4ರಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಹೊಸ ರಾಕೆಟ್ಟಿನ ವೇಗ ಬೇರೆ. ಆ ಹೊಸ ಹಾದಿಯ ಅಂಕಿಗಳನ್ನು ಕೊಟ್ಟು ಅದನ್ನು ಪರೀಕ್ಷಿಸಿರಲಿಲ್ಲ. ಸಾಲು ಅದೇ, ಒಳಗೆ ಹೋದ ಸಂಖ್ಯೆ ಬೇರೆ.

2014ರಲ್ಲಿ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದವರು ದೊಡ್ಡ ಜಾವಾ ಪ್ರೋಗ್ರಾಮುಗಳನ್ನು ಇಟ್ಟುಕೊಂಡು ಇದನ್ನೇ ಅಳೆದು ನೋಡಿದರು. ಟೆಸ್ಟುಗಳ ಸಂಖ್ಯೆಯ ಪ್ರಭಾವವನ್ನು ಬದಿಗಿಟ್ಟು ನೋಡಿದರೆ, ಕವರೇಜ್ ಹೆಚ್ಚಿದ್ದ ಮಾತ್ರಕ್ಕೆ ಟೆಸ್ಟುಗಳು ತಪ್ಪು ಹಿಡಿಯುವುದರಲ್ಲಿ ಗಟ್ಟಿ ಅನ್ನುವ ಬಲವಾದ ನಂಟು ಕಾಣಲಿಲ್ಲ. ಅವರ ಸಲಹೆಯೂ ಸರಳ: ಟೆಸ್ಟ್ ಆಗದ ಜಾಗ ಹುಡುಕಲು ಕವರೇಜ್ ಒಳ್ಳೆಯದು, ಅದನ್ನೇ ಗುಣಮಟ್ಟದ ಗುರಿ ಮಾಡಬೇಡಿ.

ಹಾಗಾದರೆ ಈ 75ರ ನಿಯಮವನ್ನೇ ತೆಗೆದುಹಾಕಬೇಕಾ? ಹಾಗನ್ನುವ ಗೆಳೆಯರಿದ್ದಾರೆ. ನನ್ನ ಅಭಿಪ್ರಾಯ ಮಾತ್ರ ಖಂಡಿತ ಬೇಡ.

ಯಾಕೆ ಅಂದರೆ, ಒಂದು, ನಿಯಮವೇ ಇಲ್ಲದ ಕಡೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. 'ಮುಂದಿನ ರಿಲೀಸಿಗೆ ಟೆಸ್ಟ್ ಬರೆಯೋಣ' ಅನ್ನುತ್ತಾರೆ. ಆ ಮುಂದಿನ ರಿಲೀಸು 'ನಾಳೆ ಬಾ' ಇದ್ದ ಹಾಗೆ, ಬಾಗಿಲ ಮೇಲೆ ಬರೆದೇ ಇರುತ್ತದೆ, ಎಂದೂ ಬರುವುದಿಲ್ಲ. ಕವರೇಜಿನ ಗೇಟು ಇರುವುದರಿಂದ ಕೊನೇಪಕ್ಷ ಟೆಸ್ಟ್ ಅನ್ನುವ ಫೈಲು ಹುಟ್ಟುತ್ತದೆ. ಫೈಲು ಹುಟ್ಟಿದ್ದರೆ ನಾಳೆ ಯಾರಾದರೂ ಒಳ್ಳೆಯವರು ಬಂದು ಅದಕ್ಕೊಂದು ಅಸರ್ಟ್ ಸೇರಿಸಬಹುದು.

ಎರಡನೆಯದು ಹೆಚ್ಚು ಜನ ಯೋಚಿಸದ ಕಾರಣ. ಸೇಲ್ಸ್‌ಫೋರ್ಸ್ ವರ್ಷಕ್ಕೆ ಮೂರು ಸಲ ತನ್ನ ಇಡೀ ವ್ಯವಸ್ಥೆಯನ್ನು ಬದಲಾಯಿಸುತ್ತದೆ: ಸ್ಪ್ರಿಂಗ್, ಸಮ್ಮರ್, ವಿಂಟರ್. ಹಾಗೆ ಬದಲಾಯಿಸುವ ಮುನ್ನ ಗ್ರಾಹಕರು ಬರೆದ ಟೆಸ್ಟುಗಳನ್ನೇ ಹಳೆಯ ಆವೃತ್ತಿಯಲ್ಲಿ ಒಮ್ಮೆ, ಹೊಸದರಲ್ಲಿ ಒಮ್ಮೆ ಓಡಿಸಿ ಹೋಲಿಸುವ ಪದ್ಧತಿ ಅವರಲ್ಲಿದೆ. ಅದಕ್ಕೆ 'ಹ್ಯಾಮರ್' ಅಂತ ಹೆಸರು. ಹಳೆಯದರಲ್ಲಿ ಪಾಸಾಗಿ ಹೊಸದರಲ್ಲಿ ಫೇಲಾದರೆ ತಪ್ಪು ತಮ್ಮದಿರಬಹುದು ಅಂತ ಅವರು ಹುಡುಕುತ್ತಾರೆ. ಅಂದರೆ ನೀವು ಬರೆದ ಟೆಸ್ಟು ನಿಮ್ಮ ಮನೆಗೆ ನೀವೇ ಕಟ್ಟಿದ ಕಾವಲು ನಾಯಿ. ಅಸರ್ಟ್ ಇಲ್ಲದ ಟೆಸ್ಟು? ಬೊಗಳಲು ಬಾರದ ನಾಯಿ. ಕಳ್ಳ ಬಂದರೂ ಬಾಲ ಅಲ್ಲಾಡಿಸುತ್ತದೆ.

ಮೂರನೆಯದು, ವಿಮಾನದವರನ್ನು ನೋಡಿ. ಡಿಓ-178 ಎಂಬ ಮಾನದಂಡ ಇದೆ. 1992ರಲ್ಲಿ ಅದರ ಬಿ ಆವೃತ್ತಿ, 2011ರಲ್ಲಿ ಸಿ ಆವೃತ್ತಿ ಬಂತು. ಕೆಟ್ಟರೆ ವಿಮಾನವೇ ಬೀಳುವಂಥ 'ಎ' ಮಟ್ಟದ ಕೋಡಿಗೆ ಸಾಲು ಓಡಿದರೆ ಸಾಲದು. ಒಂದು ನಿರ್ಧಾರದಲ್ಲಿ ನಾಲ್ಕು ಷರತ್ತುಗಳಿದ್ದರೆ ಪ್ರತಿಯೊಂದು ಷರತ್ತೂ ತಾನೊಂದೇ ಆ ನಿರ್ಧಾರವನ್ನು ಬದಲಿಸಬಲ್ಲದು ಅಂತ ತೋರಿಸಬೇಕು. ಅಂಕಿಯ ಬಗ್ಗೆ ನಮಗಿಂತ ಎಷ್ಟೋ ಕಟ್ಟುನಿಟ್ಟು ಅವರು! ಆದರೆ ಅವರ ಕ್ರಮ ನಮಗಿಂತ ತಲೆಕೆಳಗು. ಮೊದಲು 'ಈ ಕೋಡು ಏನು ಮಾಡಬೇಕು' ಅನ್ನುವ ಬೇಡಿಕೆಗಳಿಂದ ಟೆಸ್ಟ್ ಬರೆಯುತ್ತಾರೆ. ಆಮೇಲೆ ಕವರೇಜ್ ಅಳೆಯುತ್ತಾರೆ. ಯಾವುದೋ ಸಾಲು ಓಡಲಿಲ್ಲ ಅಂದರೆ ಪ್ರಶ್ನೆ ಕೇಳುತ್ತಾರೆ: ಬೇಡಿಕೆ ಬರೆಯುವುದು ಮರೆತೆವಾ, ಟೆಸ್ಟ್ ಮರೆತೆವಾ, ಇಲ್ಲಾ ಈ ಸಾಲೇ ಬೇಡವಾಗಿತ್ತಾ? ನಾವು ಮಾಡುವುದು ಕೋಡು ನೋಡಿ, ಕೆಂಪಗಿರುವ ಸಾಲು ನೋಡಿ, ಅದು ನೀಲಿಯಾಗುವವರೆಗೆ ಏನನ್ನಾದರೂ ಕರೆಯುವುದು.

ನನ್ನ ವಾದ ಇಷ್ಟೇ. ಕವರೇಜ್ ಎನ್ನುವುದು ಥರ್ಮಾಮೀಟರು. ಜ್ವರ ಇದೆ ಅಂತ ಹೇಳುವುದು ಅದರ ಕೆಲಸ. ರೀಡಿಂಗ್ ಸರಿ ಬರಲಿ ಅಂತ ಥರ್ಮಾಮೀಟರನ್ನು ತಣ್ಣೀರಿನಲ್ಲಿ ಅದ್ದಿದರೆ ಜ್ವರ ಇಳಿಯುತ್ತದಾ? ಚಾರ್ಲ್ಸ್ ಗುಡ್‌ಹಾರ್ಟ್ ಅನ್ನುವ ಬ್ರಿಟಿಷ್ ಅರ್ಥಶಾಸ್ತ್ರಜ್ಞ 1975ರಲ್ಲೇ ಹಣಕಾಸಿನ ವಿಷಯದಲ್ಲಿ ಇದನ್ನು ಗುರುತಿಸಿದ್ದರು. ಅಳತೆಯನ್ನೇ ಗುರಿ ಮಾಡಿಕೊಂಡರೆ ಆಮೇಲೆ ಅದು ಅಳತೆಯಾಗಿ ಉಳಿಯುವುದಿಲ್ಲ ಅನ್ನುವುದು ಅದರ ಸಾರ.

ನನಗೆ ನಿಜಕ್ಕೂ ಸಂಕಟ ಆಗುವುದು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರನ್ನು ನೋಡಿದಾಗ. ಪ್ರಾಜೆಕ್ಟಿನ ಶುರುವಿನಲ್ಲಿ ಎಸ್ಟಿಮೇಟ್ ಮಾಡುವಾಗ ಟೆಸ್ಟಿಗೆ ದಿನ ಇಡುವುದಿಲ್ಲ. ಇಟ್ಟಿದ್ದರೂ ಗ್ರಾಹಕರು ಬೆಲೆ ಇಳಿಸಿ ಅಂದಾಗ ಮೊದಲು ಕತ್ತರಿ ಬೀಳುವುದು ಅದಕ್ಕೇ. ಸ್ಯಾಂಡ್‌ಬಾಕ್ಸಿಗೆ ಹಾಕುವಾಗ ಯಾರೂ ಕವರೇಜ್ ಕೇಳುವುದಿಲ್ಲವಾದ್ದರಿಂದ ಎಲ್ಲ ಸುಸೂತ್ರ ಅನ್ನಿಸುತ್ತದೆ. ಶುಕ್ರವಾರ ರಾತ್ರಿ ಪ್ರೊಡಕ್ಷನ್ ಗೇಟಿನಲ್ಲಿ 68 ಅಂತ ತೋರಿಸಿದಾಗ ಟೀಮಿನಲ್ಲಿ ಎಲ್ಲರಿಗಿಂತ ಕಿರಿಯರನ್ನು ಕರೆದು 'ಹೇಗಾದರೂ ಮಾಡಿ 75 ಮಾಡಿಬಿಡಮ್ಮಾ' ಅನ್ನುತ್ತಾರೆ. ಆ 'ಹೇಗಾದರೂ' ಅನ್ನುವ ಶಬ್ದದಲ್ಲಿ ಅವಳು ತನ್ನ ವೃತ್ತಿಯ ಮೊದಲ ಪಾಠ ಕಲಿಯುತ್ತಾಳೆ. ಟೆಸ್ಟ್ ಅಂದರೆ ತನ್ನ ಕೆಲಸವನ್ನು ತಾನೇ ಅನುಮಾನಿಸಿ ನೋಡುವ ವಿದ್ಯೆ ಅಂತ ಕಲಿಯಬೇಕಾದವಳು, ಟೆಸ್ಟ್ ಅಂದರೆ ಗೇಟಿನ ಕಾವಲುಗಾರನ ಕಣ್ಣಿಗೆ ಮಣ್ಣೆರಚುವ ವಿದ್ಯೆ ಅಂತ ಕಲಿಯುತ್ತಾಳೆ. ಐದು ವರ್ಷದ ನಂತರ ಅವಳೇ ಲೀಡ್ ಆಗುತ್ತಾಳೆ. ಆಗ ಅವಳು ಇನ್ನೊಬ್ಬರಿಗೆ ಏನು ಹೇಳಿಕೊಟ್ಟಾಳು? ತಪ್ಪು ಆ ಹುಡುಗಿಯದಲ್ಲ, ಸಮಯ ಕೊಡದೆ ಅಂಕಿ ಕೇಳಿದವರದು.

ಏನು ಮಾಡಬಹುದು? ಬೆಟ್ಟ ಕಡಿಯಬೇಕಾಗಿಲ್ಲ. ನನಗೆ ತೋಚಿದ್ದು ಹೇಳುತ್ತೇನೆ.

ಕೋಡು ರಿವ್ಯೂ ಮಾಡುವವರು ಪರ್ಸೆಂಟ್ ನೋಡುವ ಮೊದಲು ಟೆಸ್ಟ್ ಫೈಲು ತೆರೆದು ಅಸರ್ಟುಗಳನ್ನು ಓದಲಿ. ಅಸರ್ಟ್ ಇಲ್ಲದ್ದನ್ನು ವಾಪಸ್ ಕಳಿಸಲಿ, ಕವರೇಜ್ 95 ಇದ್ದರೂ ಸರಿ.

ಅನುಮಾನ ಬಂದರೆ ಒಂದು ಸಣ್ಣ ಪರೀಕ್ಷೆ: ಕೋಡಿನಲ್ಲಿ ಬೇಕಂತಲೇ ಒಂದು ಕೂಡುವ ಚಿಹ್ನೆಯನ್ನು ಕಳೆಯುವ ಚಿಹ್ನೆ ಮಾಡಿ ಟೆಸ್ಟ್ ಓಡಿಸಿ. ಒಂದೂ ಟೆಸ್ಟು ಕೂಗಿಕೊಳ್ಳಲಿಲ್ಲವಾ? ಹಾಗಾದರೆ ಎಲ್ಲ ನಿದ್ದೆ ಮಾಡುತ್ತಿವೆ. ಇದಕ್ಕೆ ಮ್ಯುಟೇಶನ್ ಟೆಸ್ಟಿಂಗ್ ಅಂತ ಹೆಸರು. 1970ರ ದಶಕದಿಂದಲೂ ಇರುವ ವಿಚಾರ, ಕೈಯಿಂದಲೇ ಐದು ನಿಮಿಷದಲ್ಲಿ ಮಾಡಬಹುದು.

ಪ್ರತಿ ಟ್ರಿಗರಿಗೆ ಇನ್ನೂರು ದಾಖಲೆಯ ಒಂದು ಟೆಸ್ಟ್, ಖಾಲಿ ಮಾಹಿತಿಯ ಒಂದು ಟೆಸ್ಟ್, ಅನುಮತಿ ಇಲ್ಲದ ಬಳಕೆದಾರರ ಒಂದು ಟೆಸ್ಟ್. ದಯವಿಟ್ಟು ಕನ್ನಡದ ಹೆಸರಿನದೂ ಒಂದು! 'ಟೆಸ್ಟ್ ಟೆಸ್ಟ್' ಬದಲು ಲಕ್ಷ್ಮಿ ಅಂತ ಬರೆಯಲು ಖರ್ಚೇನು?

ಟೆಸ್ಟಿಗೆ ಬೇಕಾದ ಮಾಹಿತಿಯನ್ನು ಟೆಸ್ಟೇ ಹುಟ್ಟಿಸಿಕೊಳ್ಳಲಿ. 2012ರ ಸ್ಪ್ರಿಂಗ್ ಆವೃತ್ತಿಯಿಂದ ಏಪೆಕ್ಸ್ ಟೆಸ್ಟುಗಳಿಗೆ ಸಂಸ್ಥೆಯ ನಿಜವಾದ ದಾಖಲೆಗಳು ತಾವಾಗಿ ಕಾಣುವುದಿಲ್ಲ, ಅದು ಬಹಳ ಒಳ್ಳೆಯ ನಿರ್ಧಾರ. ಅದನ್ನು ತಪ್ಪಿಸಲು ಎಲ್ಲ ದಾಖಲೆ ಕಾಣುವಂತೆ ಮಾಡುವ ಅಡ್ಡದಾರಿ ಹಿಡಿದರೆ ಸ್ಯಾಂಡ್‌ಬಾಕ್ಸಿನಲ್ಲಿ ಪಾಸಾದದ್ದು ಪ್ರೊಡಕ್ಷನ್‌ನಲ್ಲಿ ಮಕಾಡೆ ಮಲಗಬಹುದು.

ಬಗ್ಗು ಸಿಕ್ಕಾಗ ಮೊದಲು ಅದನ್ನು ತೋರಿಸುವ ಟೆಸ್ಟ್ ಬರೆದು, ಅದು ಫೇಲಾಗುವುದನ್ನು ನೋಡಿ, ಆಮೇಲೆ ಕೋಡು ಸರಿ ಮಾಡಿ. ಈ ಒಂದು ಅಭ್ಯಾಸ ಇದ್ದರೆ 75 ಬೆನ್ನಟ್ಟಬೇಕಾಗಿಲ್ಲ, ಅದೇ ನಿಮ್ಮ ಹಿಂದೆ ಬರುತ್ತದೆ.

ಮ್ಯಾನೇಜರುಗಳಿಗೆ ಒಂದೇ ಒಂದು ಬಿನ್ನಹ. ಎಸ್ಟಿಮೇಟಿನಲ್ಲಿ ಟೆಸ್ಟಿಗೆ ಬೇರೆ ಸಾಲು ಇಡಬೇಡಿ. ಬೇರೆ ಇಟ್ಟರೆ ಗ್ರಾಹಕರಿಗೆ ಅದು ಕತ್ತರಿಸಬಹುದಾದ ಸಾಲು ಅನ್ನಿಸುತ್ತದೆ. ಹೋಟೆಲಿನ ಬಿಲ್ಲಿನಲ್ಲಿ 'ಪಾತ್ರೆ ತೊಳೆದದ್ದಕ್ಕೆ' ಅಂತ ಬೇರೆ ಬರೆಯುತ್ತಾರಾ? ಬರೆದರೆ 'ತೊಳೆಯುವುದು ಬೇಡ, ಐದು ರೂಪಾಯಿ ಕಡಿಮೆ ಮಾಡಿ' ಅನ್ನುವ ಗಿರಾಕಿಯೂ ಹುಟ್ಟಿಕೊಂಡಾನು. ಟೆಸ್ಟು ಸೇರಿದ್ದೇ ಕೋಡು. ಆ ಲೆಕ್ಕವೇ ಸರಿ.

ಇನ್ನು 75 ಸಾಲದು, 100 ಮಾಡಿ ಅನ್ನುವ ಉತ್ಸಾಹಿಗಳಿಗೆ: ದಯವಿಟ್ಟು ಬೇಡ. ಮೌಲ್ಯವನ್ನು ಇಡುವ, ಕೊಡುವ ಎರಡು ಸಾಲಿನ ಕೋಡಿಗೆಲ್ಲ ಟೆಸ್ಟ್ ಬರೆಸುತ್ತಾ ಕೂತರೆ ರಿಯಾಯಿತಿ ಲೆಕ್ಕ ಹಾಕುವ ಕೋಡಿನ ಹತ್ತಿರ ಹೋಗಲು ಪುರುಸೊತ್ತೇ ಸಿಗುವುದಿಲ್ಲ. ದುಡ್ಡು, ದಿನಾಂಕ, ಅನುಮತಿ, ಹೆಸರು, ಈ ನಾಲ್ಕು ಇರುವ ಕಡೆ ನೂರಿರಲಿ. ಉಳಿದ ಕಡೆ ಗೇಟು ಕೇಳಿದಷ್ಟಿರಲಿ.

ಗೇಟು ಕೇಳುವುದು 'ಓಡಿತಾ?' ಅಂತ ಮಾತ್ರ. ಯಂತ್ರಕ್ಕೆ ಅಷ್ಟೇ ಕೇಳಲು ಬರುವುದು. 'ಸರಿ ಇದೆಯಾ?' ಅಂತ ಕೇಳುವ ಕೆಲಸ ನಮಗೆ ಬಿಟ್ಟಿದ್ದಾರೆ, ಅದಕ್ಕೇ ತಾನೇ ನಮಗೆ ಸಂಬಳ?

ನೀವೇನಂತೀರಿ? ಬೇರೆ ಭಾಷೆ, ಬೇರೆ ವ್ಯವಸ್ಥೆಗಳಲ್ಲಿ ಕೆಲಸ ಮಾಡುವವರು ನಿಮ್ಮ ಗೇಟುಗಳ ಕತೆ ಹೇಳಿ. ನಾನು ಹೇಳಿದ್ದು ಅತಿಯಾಯಿತು ಅನ್ನಿಸಿದರೆ ಅದನ್ನೂ ಹೇಳಿ, ಜಗಳಕ್ಕೆ ರೆಡಿ :)